ಇಳಿಜಾರಿನ ಊರು: ಕನಕಪುರದ ಕಲ್ಲು, ದಾರಿ ಮತ್ತು ನೀರು

(ಜಯನಗರದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ನಾವು ಕನಕಪುರ ರಸ್ತೆ ಎಂಬ ಹೆಸರನ್ನು ದಿನವೂ ಹೇಳುತ್ತೇವೆ. ಮನೆ ಎಲ್ಲಿ ಎಂದರೆ ಕನಕಪುರ ರಸ್ತೆ, ಮದುವೆ ಛತ್ರ ಎಲ್ಲಿ ಎಂದರೆ ಕನಕಪುರ ರಸ್ತೆ, ಮಕ್ಕಳ ಶಾಲೆ ಎಲ್ಲಿ ಎಂದರೂ ಅದೇ. ಬನಶಂಕರಿ ದೇವಸ್ಥಾನದ ಮುಂದೆ ಹಾದು, ಸಾರಕ್ಕಿ, ಯಲಚೇನಹಳ್ಳಿ, ಕೋಣನಕುಂಟೆ ಕ್ರಾಸ್, ದೊಡ್ಡಕಲ್ಲಸಂದ್ರ, ತಲಘಟ್ಟಪುರ, ಕಗ್ಗಲೀಪುರ, ಹಾರೋಹಳ್ಳಿ ದಾಟಿ ಸುಮಾರು 55 ಕಿಲೋಮೀಟರ್ ದೂರದಲ್ಲಿ ಈ ರಸ್ತೆ ಯಾವ ಊರಿಗೆ ಹೋಗಿ ಮುಟ್ಟುತ್ತದೋ ಆ ಊರಿನ ಬಗ್ಗೆ ಮಾತ್ರ ನಮ್ಮಲ್ಲಿ ಮಾತು ಕಡಿಮೆ. ಚುನಾವಣೆ ಬಂದಾಗ ಅದರ ಹೆಸರು ಕೇಳುತ್ತದೆ, ರಜೆ ಬಂದಾಗ ಸಂಗಮಕ್ಕೆ ಹೋಗುವ ದಾರಿಯಲ್ಲಿ ಟೀ ಕುಡಿಯಲು ನಿಲ್ಲುತ್ತೇವೆ. ಇವತ್ತು ಆ ತಾಲ್ಲೂಕು ಕೇಂದ್ರದ ಭೂಗೋಳವನ್ನು ನಿಮ್ಮ ಮುಂದಿಡಬೇಕೆಂದು ಬಂದಿದ್ದೇನೆ. ಭೂಗೋಳ ಎಂದರೆ ಅಕ್ಷಾಂಶ ರೇಖಾಂಶಗಳ ಪಟ್ಟಿಯಲ್ಲ. ಒಂದು ಊರು ಎತ್ತರದಲ್ಲಿದೆಯೋ ತಗ್ಗಿನಲ್ಲಿದೆಯೋ ಎಂಬುದೊಂದೇ ಅದರ ಇತಿಹಾಸವನ್ನು ಎಷ್ಟು ನಿರ್ಧರಿಸುತ್ತದೆ ಎಂಬುದಕ್ಕೆ ಕನಕಪುರಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಹಾಗಾಗಿ ಎತ್ತರದಿಂದಲೇ ಶುರು ಮಾಡುತ್ತೇನೆ. ನಾವು ಕುಳಿತಿರುವ ಈ ಜಾಗ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಕನಕಪುರ ಪಟ್ಟಣ ಇರುವುದು ಸುಮಾರು 640 ಮೀಟರಿನಲ್ಲಿ. ಅಲ್ಲಿಂದ ಇನ್ನೂ ದಕ್ಷಿಣಕ್ಕೆ, ಅರ್ಕಾವತಿ ಕಾವೇರಿಯನ್ನು ಕೂಡುವ ಸಂಗಮಕ್ಕೆ ಹೋದರೆ 400 ಮೀಟರಿನ ಆಸುಪಾಸಿಗೆ ಇಳಿದಿರುತ್ತೇವೆ. ಬೆಳಿಗ್ಗೆ ಹೊರಟವರು ಮಧ್ಯಾಹ್ನದ ಊಟದ ಹೊತ್ತಿಗೆ ಮೈಸೂರು ಪ್ರಸ್ಥಭೂಮಿಯ ಮಾಳಿಗೆಯಿಂದ ಅದರ ನೆಲಕ್ಕೆ ಬಂದಿರುತ್ತೇವೆ. ಗಾಳಿ ಬಿಸಿಯಾಗುತ್ತದೆ, ಮರಗಳು ಬದಲಾಗುತ್ತವೆ. ಹೊಂಗೆ, ಮಾವು, ಹುಣಸೆ ಕಳೆದು ಕುರುಚಲು ಕಾಡು ಬರುತ್ತದೆ. ರಾಗಿ, ಹುರುಳಿ, ಅವರೆಯ ಹೊಲಗಳ ನಡುವೆ ಹಿಪ್ಪುನೇರಳೆಯ ಹಸಿರು ಪಟ್ಟಿಗಳು ಕಾಣಿಸುತ್ತವೆ.

ಈ ಇಳಿಜಾರಿನ ಉದ್ದಕ್ಕೂ ಕಲ್ಲು ಇದೆ. ಕಲ್ಲಿನ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡಲು ಅಪ್ಪಣೆ ಕೊಡಿ, ಏಕೆಂದರೆ ಇಡೀ ಪ್ರಪಂಚದ ಭೂವಿಜ್ಞಾನಿಗಳಿಗೆ ಈ ತಾಲ್ಲೂಕು ಗೊತ್ತಿರುವುದು ಕಲ್ಲಿನಿಂದ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 400 ಕಿಲೋಮೀಟರ್ ಹಬ್ಬಿರುವ ಒಂದು ಗ್ರಾನೈಟ್ ಪಟ್ಟಿಗೆ ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದ ಕ್ಲೋಸ್‌ಪೇಟ್ ಗ್ರಾನೈಟ್ ಎಂದು ಹೆಸರು ಬಂದಿದೆ. ವಯಸ್ಸು ಸುಮಾರು 250 ಕೋಟಿ ವರ್ಷ. ರಾಮದೇವರ ಬೆಟ್ಟದ ಬಂಡೆಗಳು, ಸಾವನದುರ್ಗದ ಬೋಳು ಬೆನ್ನು, ಕನಕಪುರದ ಸುತ್ತಿನ ಗುಡ್ಡಗಳು ಎಲ್ಲವೂ ಈ ಪಟ್ಟಿಗೆ ಸೇರಿದವು ಇಲ್ಲವೆ ಇದರ ಮಗ್ಗುಲಲ್ಲಿ ಇರುವಂಥವು.

ದಕ್ಷಿಣಕ್ಕೆ ಹೋದಂತೆ ಇನ್ನೊಂದು ವಿಶೇಷ ಕಾಣುತ್ತದೆ. ಭೂಮಿಯ ಹೊರಪದರ ಇಲ್ಲಿ ಓರೆಯಾಗಿ ಮೇಲೆದ್ದು, ಮೇಲಿನ ಭಾಗ ಸವೆದುಹೋಗಿದೆ. ಆದ್ದರಿಂದ ಬೆಂಗಳೂರಿನಿಂದ ಕನಕಪುರದ ಕಡೆಗೆ ನಡೆಯುವುದೆಂದರೆ ಒಂದು ಕಾಲದ ಭೂಗರ್ಭದೊಳಗೆ ಹಂತಹಂತವಾಗಿ ಇಳಿಯುವುದು. ತಾಲ್ಲೂಕಿನ ಸಾತನೂರು ಕಡೆ ಕಬ್ಬಾಳು ಎಂಬ ಊರಿದೆ. ಕಬ್ಬಾಳಮ್ಮನ ದರ್ಶನಕ್ಕೆ ಹೋದವರು ನಿಮ್ಮಲ್ಲಿ ಅನೇಕರಿರಬಹುದು. ಅಲ್ಲಿಯ ಕಬ್ಬಾಳದುರ್ಗದ ಬುಡದ ಕಲ್ಲುಕ್ವಾರಿಯಲ್ಲಿ ಬೂದು ಬಣ್ಣದ ನೈಸ್ ಶಿಲೆಯ ನಡುನಡುವೆ ಎಣ್ಣೆ ಬಿದ್ದ ಕಲೆಗಳಂತೆ ಕಪ್ಪು-ಹಸಿರು ತೇಪೆಗಳಿವೆ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿ ದುಡಿದ ಸಿ.ಎಸ್. ಪಿಚ್ಚಮುತ್ತು ಅವರು ಇವನ್ನು ಪರಿಶೀಲಿಸಿದರು. ಆ ಕಪ್ಪು ತೇಪೆ ಬೇರೆ ಕಡೆಯಿಂದ ಬಂದು ಸೇರಿದ ಕಲ್ಲಲ್ಲ, ಅದೇ ನೈಸ್ ಶಿಲೆ ಭೂಮಿಯ ಆಳದ ಶಾಖದಲ್ಲಿ ಚಾರ್ನೊಕೈಟ್ ಎಂಬ ಇನ್ನೊಂದು ಶಿಲೆಯಾಗುತ್ತಿರುವಾಗ ಅರ್ಧಕ್ಕೆ ನಿಂತುಹೋದ ಸ್ಥಿತಿ ಎಂದು ಅವರು ತೋರಿಸಿಕೊಟ್ಟರು. ಅವರ ಪುಟ್ಟ ಬರಹ 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾಯಿತು. ಅಂದಿನಿಂದ ಇಂದಿನವರೆಗೆ ಹಲವು ದೇಶಗಳ ವಿಜ್ಞಾನಿಗಳು ಆ ಕ್ವಾರಿಗೆ ಬಂದು ಕೈಯಿಟ್ಟು ನೋಡಿ ಹೋಗಿದ್ದಾರೆ. ಒಂದು ಕಲ್ಲು ಇನ್ನೊಂದಾಗುವುದನ್ನು ಕಣ್ಣಾರೆ ಕಾಣಬಹುದಾದ ಜಾಗ ನಮ್ಮ ಮನೆಯಿಂದ ಎರಡು ಗಂಟೆಯ ಹಾದಿಯಲ್ಲಿದೆ. ನಮ್ಮ ಶಾಲೆಗಳು ಮಕ್ಕಳನ್ನು ವಾಟರ್ ಪಾರ್ಕಿಗೆ ಕರೆದೊಯ್ಯುವ ಬಸ್ಸಿನಲ್ಲಿ ವರ್ಷಕ್ಕೊಂದು ಸಲ ಅಲ್ಲಿಗೆ ಕರೆದೊಯ್ಯಬೇಕೆಂಬುದು ನನ್ನ ಬಹುಕಾಲದ ಆಸೆ.

ಅದೇ ಕಬ್ಬಾಳದುರ್ಗಕ್ಕೆ ಇನ್ನೊಂದು ಕರಾಳ ಹೆಸರೂ ಇದೆ. ಮೈಸೂರು ಅರಸರ ಕಾಲದಲ್ಲಿ ಅದು ಸೆರೆಮನೆಯ ಬೆಟ್ಟ. ದಳವಾಯಿಗಳು ಪ್ರಬಲರಾಗಿದ್ದಾಗ, 1734ರಲ್ಲಿ, ಪಟ್ಟದಿಂದ ಇಳಿಸಲ್ಪಟ್ಟ ದೊರೆ ಏಳನೆಯ ಚಾಮರಾಜ ಒಡೆಯರನ್ನು ಅಲ್ಲಿಯೇ ಇಟ್ಟರು. ಅವರು ಅಲ್ಲಿಯೇ ತೀರಿಕೊಂಡರು. ಕಡಿದಾದ ಬಂಡೆ, ಒಂದೇ ದಾರಿ, ಕೆಟ್ಟ ನೀರು. ಕೋಟೆಗೆ ಬೇಕಾದ ಗುಣಗಳೇ ಸೆರೆಗೂ ಬೇಕಾದವು.

ಈಗ ಪಟ್ಟಣಕ್ಕೆ ಬರೋಣ. ಹಳೆಯ ದಾಖಲೆಗಳಲ್ಲಿ ಇದು ಕಾನಕಾನಹಳ್ಳಿ. ಕನಕಪುರ ಎಂಬುದು ಸ್ವಾತಂತ್ರ್ಯಾನಂತರ ನೆಲೆಯಾದ ಹೆಸರು. ಅರ್ಕಾವತಿಯ ದಡದಲ್ಲಿ, ಬೆಂಗಳೂರಿನಿಂದ ಇಳಿದು ಬರುವ ದಾರಿ ನದಿಯನ್ನು ದಾಟಬೇಕಾದ ಜಾಗದಲ್ಲಿ ಊರು ಬೆಳೆದಿದೆ. ಹೊಳೆ ದಾಟುವ ಜಾಗದಲ್ಲಿ ಸಂತೆ ಹುಟ್ಟುತ್ತದೆ, ಸಂತೆ ಇದ್ದಲ್ಲಿ ಕೋಟೆ ಏಳುತ್ತದೆ, ಕೋಟೆ ಬಿದ್ದ ಮೇಲೆ ಕಚೇರಿ ಬರುತ್ತದೆ. ನಮ್ಮ ನಾಡಿನ ಎಷ್ಟೋ ತಾಲ್ಲೂಕು ಕೇಂದ್ರಗಳ ಜಾತಕ ಇಷ್ಟೇ. ಇಲ್ಲಿಯ ಕೋಟೆಯನ್ನು ಚನ್ನಪಟ್ಟಣದ ಜಗದೇವರಾಯ ಕಟ್ಟಿಸಿದನೆಂದು ಗೆಜೆಟಿಯರ್‌ಗಳು ಹೇಳುತ್ತವೆ. 1630ರಲ್ಲಿ ಚನ್ನಪಟ್ಟಣದ ಸೀಮೆ ಮೈಸೂರಿಗೆ ಸೇರಿದಾಗ ಕಾನಕಾನಹಳ್ಳಿಯೂ ಮೈಸೂರಿನದಾಯಿತು.

ದಾರಿಯಲ್ಲಿರುವ ಊರಿಗೆ ದಾರಿಯೇ ಅನ್ನ, ದಾರಿಯೇ ಕಂಟಕ. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗಲು ಎರಡು ಮುಖ್ಯ ದಾರಿಗಳಿದ್ದವು. ಒಂದು ಚನ್ನಪಟ್ಟಣ, ಮದ್ದೂರಿನ ಮೇಲೆ, ಇನ್ನೊಂದು ಕಾನಕಾನಹಳ್ಳಿ, ಮಳವಳ್ಳಿಯ ಮೇಲೆ. 1791ರ ಮೇ ತಿಂಗಳಲ್ಲಿ, ಟಿಪ್ಪು ಸುಲ್ತಾನನ ವಿರುದ್ಧ ಹೊರಟ ಬ್ರಿಟಿಷರ ಕಾರ್ನ್‌ವಾಲಿಸ್ ತನ್ನ ಸೇನೆಯನ್ನು ಈ ಎರಡನೆಯ ದಾರಿಯಲ್ಲಿ ನಡೆಸಿದ. 1799ರ ಮಾರ್ಚಿನಲ್ಲಿ ಜನರಲ್ ಹ್ಯಾರಿಸ್ ಬಂದದ್ದೂ ಇದೇ ದಾರಿಯಲ್ಲಿ. ಮಾರ್ಚ್ 27ರಂದು ಮಳವಳ್ಳಿಯಲ್ಲಿ ಕಾಳಗವಾಯಿತು, ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಇಷ್ಟು ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆ. ಪಠ್ಯಪುಸ್ತಕ ಹೇಳದೆ ಬಿಡುವುದು ನಡುವಿನ ಊರುಗಳ ಪಾಡನ್ನು. ಶತ್ರುಸೇನೆಗೆ ಒಂದು ಹಿಡಿ ಹುಲ್ಲೂ ಸಿಗಬಾರದೆಂದು ಟಿಪ್ಪು ಈ ಸೀಮೆಯನ್ನು ಎರಡು ಸಲ ಬರಿದು ಮಾಡಿಸಿದ. ಯುದ್ಧನೀತಿಯ ಲೆಕ್ಕದಲ್ಲಿ ಅದು ಸರಿಯಿರಬಹುದು. ಮೇವು ಇಲ್ಲದೆ ಕಾರ್ನ್‌ವಾಲಿಸನ ಎತ್ತುಗಳು ಸತ್ತು, ಅವನು ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ಹಿಂದಿರುಗಬೇಕಾಯಿತು ಎಂಬುದೂ ನಿಜ. ಆದರೆ ಸುಟ್ಟ ಬಣವೆ ಕಾನಕಾನಹಳ್ಳಿಯ ರೈತನದು. ಒಂದೇ ದಶಕದಲ್ಲಿ ಎರಡು ಸಲ ಕಣಜ ಕಳೆದುಕೊಂಡು ಮತ್ತೆ ಬಿತ್ತಿದ ಆ ಜನರ ಹೆಸರು ಯಾವ ಶಾಸನದಲ್ಲೂ ಇಲ್ಲ. ಗೆದ್ದವರ, ಸೋತವರ ಚರಿತ್ರೆಯ ಜೊತೆಗೆ ದಾರಿಯಲ್ಲಿದ್ದವರ ಚರಿತ್ರೆಯನ್ನೂ ನಾವು ಬರೆಯಬೇಕು.

ಆ ಹಳೆಯ ಸೇನಾದಾರಿಯೇ ಮುಂದೆ ಕೊಳ್ಳೇಗಾಲ, ಚಾಮರಾಜನಗರ, ಸತ್ಯಮಂಗಲ ದಾಟಿ ಕೊಯಮತ್ತೂರಿನ ಕಡೆಗೆ ಹೋಗುವ ಹೆದ್ದಾರಿಯಾಯಿತು. 209 ಎಂಬ ಸಂಖ್ಯೆ ಹೋಗಿ ಈಗ 948 ಎಂದಾಗಿದೆ. ರೈಲು ಮಾತ್ರ ಬರಲಿಲ್ಲ. 1880ರ ದಶಕದ ಆರಂಭದಲ್ಲಿ ಬೆಂಗಳೂರು–ಮೈಸೂರು ರೈಲುಹಾದಿ ರಾಮನಗರ, ಚನ್ನಪಟ್ಟಣ, ಮದ್ದೂರಿನ ಮೇಲೆ ಹೋಯಿತು. ಎರಡು ದಾರಿಗಳಲ್ಲಿ ಒಂದಕ್ಕೆ ಕಬ್ಬಿಣದ ಹಳಿ ಸಿಕ್ಕಿತು, ಇನ್ನೊಂದು ಎತ್ತಿನ ಗಾಡಿಗೆ, ಆಮೇಲೆ ಬಸ್ಸಿಗೆ ಉಳಿಯಿತು. ಹೆಜ್ಜಾಲದಿಂದ ಕನಕಪುರದ ಮೇಲೆ ಚಾಮರಾಜನಗರಕ್ಕೆ ರೈಲು ಎಂಬ ಪ್ರಸ್ತಾಪ ದಶಕಗಳಿಂದ ಕಾಗದದ ಮೇಲಿದೆ. ನಮ್ಮ ಹಸಿರು ಮಾರ್ಗದ ಮೆಟ್ರೊ 2017ರಲ್ಲಿ ಯಲಚೇನಹಳ್ಳಿಗೆ ಬಂದು, 2021ರಲ್ಲಿ ರೇಷ್ಮೆ ಸಂಸ್ಥೆಯವರೆಗೆ ಹೋಗಿ ನಿಂತಿದೆ. ಆ ನಿಲ್ದಾಣದ ಹೆಸರು ತಲಘಟ್ಟಪುರದ ರೇಷ್ಮೆ ಸಂಶೋಧನಾ ಸಂಸ್ಥೆಯದು.

ರೇಷ್ಮೆ ಈ ಸೀಮೆಯ ರೊಕ್ಕದ ಬೆಳೆ. ಮಳೆ ಕಡಿಮೆ, ಹಿಡುವಳಿ ಸಣ್ಣದು, ಮನೆಯವರೆಲ್ಲ ದುಡಿಯುತ್ತಾರೆ. ಇಂಥ ಕಡೆ ಹಿಪ್ಪುನೇರಳೆ ನೆಲೆಯೂರುವುದು ಸಹಜ. ಚಾಕಿ ಹುಳು ತಂದು, ಪೊರೆ ಕಳಚುವ ನಾಲ್ಕು ಜ್ವರ ದಾಟಿಸಿ, ಹುಳ ಹಣ್ಣಾದ ದಿನ ಚಂದ್ರಿಕೆಗೆ ಬಿಡುವ ತನಕ ಮನೆಯ ಹೆಂಗಸರಿಗೆ ನಿದ್ದೆಯಿಲ್ಲ. ಗೂಡು ಬಿಡಿಸಿದರೆ ಕನಕಪುರದ ಗೂಡಿನ ಮಾರುಕಟ್ಟೆ ಇದೆ, ಇಲ್ಲವೆ ರಾಮನಗರಕ್ಕೆ ಒಯ್ಯಬೇಕು. ತಿಂಗಳಿಗೊಮ್ಮೆ ಕೈಗೆ ದುಡ್ಡು ಬರುವ ಕೃಷಿ ಇದೊಂದೇ ಎಂದು ಅಲ್ಲಿಯ ರೈತರು ಹೇಳುತ್ತಾರೆ, ಹೈನುಗಾರಿಕೆ ಬಿಟ್ಟರೆ.

ತಾಲ್ಲೂಕು ಕೇಂದ್ರವೆಂದರೆ ಇನ್ನೂ ಒಂದು ಅರ್ಥವಿದೆ. ಕೋಡಿಹಳ್ಳಿಯವರಿರಲಿ, ಉಯ್ಯಂಬಳ್ಳಿಯವರಿರಲಿ, ಕಾಡಂಚಿನ ಇರುಳಿಗರ ಹಾಡಿಯವರಿರಲಿ, ಪಹಣಿಗೆ, ಖಾತೆಗೆ, ಪೋಡಿಗೆ, ಜಾತಿ ಪ್ರಮಾಣಪತ್ರಕ್ಕೆ, ನ್ಯಾಯಾಲಯದ ವಾಯಿದೆಗೆ, ಹೆರಿಗೆ ಆಸ್ಪತ್ರೆಗೆ ಬರಬೇಕಾದದ್ದು ಇಲ್ಲಿಗೆ. 2011ರ ಜನಗಣತಿಯಲ್ಲಿ 54 ಸಾವಿರದಷ್ಟು ಜನರಿದ್ದ ಪಟ್ಟಣ ಹಗಲಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಜನರನ್ನು ಹೊರುತ್ತದೆ. ಇಂಥ ಊರಿಗೆ ಶಿಕ್ಷಣ ತಂದವರು ಗಾಂಧಿವಾದಿ ಎಸ್. ಕರಿಯಪ್ಪನವರು. ಅವರು ಕಟ್ಟಿದ ರೂರಲ್ ಎಜುಕೇಷನ್ ಸೊಸೈಟಿ, ರೂರಲ್ ಕಾಲೇಜು ಇಲ್ಲದಿದ್ದರೆ ಆ ಹಳ್ಳಿಗಳ ಎಷ್ಟೋ ಹುಡುಗ ಹುಡುಗಿಯರ ಓದು ಏಳನೆಯ ತರಗತಿಗೆ ಮುಗಿಯುತ್ತಿತ್ತು. ಹಳ್ಳಿ ಮಕ್ಕಳನ್ನು ಬೆಂಗಳೂರಿಗೆ ಕಳಿಸುವುದಕ್ಕಿಂತ ಕಾಲೇಜನ್ನೇ ಹಳ್ಳಿಯ ಹತ್ತಿರಕ್ಕೆ ತರಬೇಕೆಂದು ಅವರು ಯೋಚಿಸಿದ ರೀತಿ ದೊಡ್ಡದು. ಇಂದು ದಕ್ಷಿಣ ಬೆಂಗಳೂರಿನಲ್ಲಿ ನೆಲೆಸಿರುವ ಮೇಷ್ಟ್ರುಗಳು, ವಕೀಲರು, ಗುಮಾಸ್ತರ ಮನೆಗಳಲ್ಲಿ ಕೇಳಿ ನೋಡಿ, ಆ ಕಾಲೇಜಿನ ಹೆಸರು ಕೇಳಿಬರುತ್ತದೆ.

ರಾಜಕೀಯದ ಮಾತು ಇಲ್ಲಿ ಹೆಚ್ಚು ಬೇಡ. 1983ರಲ್ಲಿ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆಯವರು ವಿಧಾನಸಭೆಗೆ ಆರಿಸಿ ಬಂದದ್ದು ಕನಕಪುರದಿಂದ ಎಂಬುದನ್ನು ಹಿರಿಯರು ನೆನಪಿಟ್ಟಿರುತ್ತೀರಿ. ಇನ್ನೊಂದು ಸಂಗತಿಯನ್ನು ಬಹಳ ಮಂದಿ ಮರೆತಿದ್ದಾರೆ. 2009ರ ಚುನಾವಣೆಗೆ ಮೊದಲು, ನಮ್ಮ ಪಕ್ಕದ ಉತ್ತರಹಳ್ಳಿ ವಿಧಾನಸಭಾ ಕ್ಷೇತ್ರ ಲೋಕಸಭೆಗೆ ಕನಕಪುರ ಕ್ಷೇತ್ರದಲ್ಲಿತ್ತು. ನಗರದ ಲಕ್ಷಾಂತರ ಜನ ಕನಕಪುರದ ಹೆಸರಿನಲ್ಲಿ ಮತ ಹಾಕಿದವರು. ಜಿಲ್ಲೆಯ ವಿಷಯದಲ್ಲಂತೂ ಊರು ಕದಲದೆ ಹೆಸರೇ ಕದಲಿದೆ. ಬೆಂಗಳೂರು ಜಿಲ್ಲೆ, 1986ರಿಂದ ಬೆಂಗಳೂರು ಗ್ರಾಮಾಂತರ, 2007ರಿಂದ ರಾಮನಗರ, 2025ರಿಂದ ಬೆಂಗಳೂರು ದಕ್ಷಿಣ. ಹೀಗೆ ಈಗ ಜಯನಗರವೂ ಬೆಂಗಳೂರು ದಕ್ಷಿಣ, ಕಬ್ಬಾಳೂ ಬೆಂಗಳೂರು ದಕ್ಷಿಣ. ಒಂದು ಲೋಕಸಭಾ ಕ್ಷೇತ್ರ, ಇನ್ನೊಂದು ಜಿಲ್ಲೆ. ಹೆಸರು ಒಂದಾದರೆ ಸಾಲದು, ನೀರಿನ ಲೆಕ್ಕವೂ ಒಂದಾಗಬೇಕು ಎಂಬುದು ನಾನು ಇಂದು ಹೇಳಬೇಕೆಂದು ಬಂದ ಮುಖ್ಯ ಮಾತು.

ಅರ್ಕಾವತಿ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುತ್ತದೆ. ಬೆಂಗಳೂರಿಗೆ ಮೊದಲ ಕೊಳಾಯಿ ನೀರು ಬಂದದ್ದು ಅದೇ ನದಿಯ ಹೆಸರಘಟ್ಟ ಕೆರೆಯಿಂದ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಸಾಲದಾದಾಗ ತಿಪ್ಪಗೊಂಡನಹಳ್ಳಿಯಲ್ಲಿ ಚಾಮರಾಜಸಾಗರ ಕಟ್ಟಿದರು, 1933ರಲ್ಲಿ. ನದಿಯ ಮೇಲ್ಭಾಗವನ್ನು ನಗರ ಎರಡು ಸಲ ತಡೆದು ಕುಡಿಯಿತು. ಕೆಳಗಿನ ಊರುಗಳಿಗೆ ಕೋಡಿ ಹರಿದ ವರ್ಷ ಮಾತ್ರ ನದಿ. ನಗರ ಇನ್ನೂ ಬೆಳೆಯಿತು, 1974ರಲ್ಲಿ ಕಾವೇರಿ ಬಂತು. ಶಿವ ಅಣೆಕಟ್ಟಿನ ಕಡೆಯಿಂದ ತೊರೆಕಾಡನಹಳ್ಳಿಗೆ, ಅಲ್ಲಿ ಶುದ್ಧವಾಗಿ ಹಾರೋಹಳ್ಳಿಗೆ, ಅಲ್ಲಿಂದ ತಾತಗುಣಿಗೆ, ಮೂರು ಕಡೆ ಪಂಪು ಹೊಡೆದು ಸುಮಾರು 100 ಕಿಲೋಮೀಟರ್ ದೂರ ಏರಿಸಿ ತರುತ್ತಾರೆ. 2024ರ ಅಕ್ಟೋಬರಿನಲ್ಲಿ ಐದನೆಯ ಹಂತವೂ ಸೇರಿ ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್ ಬರುವಂತಾಯಿತು. ಆ ಭಾರಿ ಕೊಳವೆಗಳು ಕನಕಪುರ ಸೀಮೆಯ ಹೊಲಗಳ ಪಕ್ಕದಲ್ಲಿ ಹಾದು ಬರುತ್ತವೆ. ಕೊಳವೆಯ ಆಚೆ ಈಚೆ ಇರುವ ಹಳ್ಳಿಗಳು ಬಹುಕಾಲ ನಂಬಿದ್ದು ಕೊಳವೆಬಾವಿಯನ್ನು.

ಮೇಲಕ್ಕೆ ಬಂದ ನೀರು ಕೆಳಕ್ಕೆ ಹೋಗಲೇಬೇಕು. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟುತ್ತದೆಂದು ನಮ್ಮ ಹಿರಿಯರು ನಂಬಿದ ವೃಷಭಾವತಿ, ನಗರದ ಪಶ್ಚಿಮ ಮಗ್ಗುಲಿನ ಕಣಿವೆ. ನಮ್ಮ ಬಡಾವಣೆಗಳ ಪೂರ್ವದ ಭಾಗದ ನೀರು ದಕ್ಷಿಣ ಪಿನಾಕಿನಿಯ ಕಡೆಗೆ ಹೋದರೆ, ದಿಣ್ಣೆಯ ಪಶ್ಚಿಮಕ್ಕೆ ಬಿದ್ದದ್ದು ವೃಷಭಾವತಿಗೆ. ನಾಯಂಡಹಳ್ಳಿ, ಕೆಂಗೇರಿ, ಬಿಡದಿಯ ಕಡೆ ಹರಿದು ಬೈರಮಂಗಲ ಕೆರೆಗೆ, ಅಲ್ಲಿಂದ ಅರ್ಕಾವತಿಗೆ. ಬನ್ನೇರುಘಟ್ಟದ ಕಡೆಯಿಂದ ಬರುವ ಸುವರ್ಣಮುಖಿಯ ನೀರೂ ಕೊನೆಗೆ ಸೇರುವುದು ಅರ್ಕಾವತಿಯನ್ನೇ. ಮನೆಗಳ ಬಚ್ಚಲು, ಕಕ್ಕಸು, ಪೀಣ್ಯದ ಕೈಗಾರಿಕೆಗಳ ಕೊಳೆ ಎಲ್ಲವನ್ನೂ ಹೊತ್ತ ವೃಷಭಾವತಿ ಕನಕಪುರ ಮುಟ್ಟುವ ಮೊದಲೇ ಅರ್ಕಾವತಿಗೆ ಸೇರಿರುತ್ತದೆ. ಬೈರಮಂಗಲದ ಕೋಡಿಯಲ್ಲಿ ಬಿಳಿ ನೊರೆ ಆಳೆತ್ತರ ಏಳುವುದನ್ನು ನೀವು ಪತ್ರಿಕೆಗಳ ಚಿತ್ರಗಳಲ್ಲಿ ಕಂಡಿರಬೇಕು. ಅಲ್ಲಿ ಭತ್ತ ಬೆಳೆಯುತ್ತಿದ್ದ ಗದ್ದೆಗಳಲ್ಲಿ ಮೇವಿನ ಹುಲ್ಲು, ಎಳೆಜೋಳ ಬಂದಿವೆ. ನೀರಿಗೆ ಇಳಿದು ಕೆಲಸ ಮಾಡಿದವರ ಕೈಕಾಲಿಗೆ ತುರಿಕೆ. ಕನಕಪುರದ ಕೆಳಗೆ ಹಾರೋಬೆಲೆಯಲ್ಲಿ ನೀರಾವರಿಗೆಂದು ಕಟ್ಟಿದ ಜಲಾಶಯದಲ್ಲೂ ನಿಂತಿರುವುದು ಇದೇ ನೀರು.

ಮೇಲಿನ ಮನೆಯವರು ಕೆಳಮನೆಯ ಬಾವಿಯಿಂದ ಸೇದಿ ಕುಡಿದು, ತಮ್ಮ ಬಚ್ಚಲನ್ನು ಕೆಳಮನೆಯ ಅಂಗಳಕ್ಕೆ ತಿರುಗಿಸಿದರೆ ಊರಿನ ಪಂಚಾಯಿತಿ ಸುಮ್ಮನಿರುತ್ತಿತ್ತೆ? ಐವತ್ತು ವರ್ಷದಿಂದ ನಾವು ಮಾಡುತ್ತಿರುವುದು ಅದನ್ನೇ. ಇದನ್ನು ನಾನು ಯಾರನ್ನೂ ನೋಯಿಸಲು ಹೇಳುತ್ತಿಲ್ಲ. ಜೆ.ಪಿ. ನಗರದ ಕೊಳಾಯಿಯಿಂದಲೇ ಕುಡಿಯುವವನು ನಾನು, ನನ್ನ ಪಾಲೂ ಇದರಲ್ಲಿದೆ.

ಈ ಲೆಕ್ಕ ಈಗ ನಮ್ಮ ಕಡೆಗೇ ತಿರುಗುವ ಕಾಲ ಬಂದಿದೆ. ಸುಪ್ರೀಂ ಕೋರ್ಟು 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಕರ್ನಾಟಕಕ್ಕೆ ಹೆಚ್ಚುವರಿಯಾಗಿ 14.75 ಟಿಎಂಸಿ ಅಡಿ ಕಾವೇರಿ ನೀರು ಕೊಟ್ಟಿತು. ಅದರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆಂದು. ಕಾವೇರಿಗೆ ಅಡ್ಡಲಾಗಿ ಮೇಕೆದಾಟಿನಲ್ಲಿ 67.16 ಟಿಎಂಸಿ ಹಿಡಿಯುವ ಸಮತೋಲನ ಜಲಾಶಯದ ಯೋಜನೆಯನ್ನು ರಾಜ್ಯ ಮುಂದಿಟ್ಟಿದೆ. ಮುಳುಗಡೆಯಾಗುವುದು ಸುಮಾರು 5,000 ಹೆಕ್ಟೇರ್, ಅದರಲ್ಲಿ ಬಹುಪಾಲು ಕಾಡು. 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಧಾಮದ ನೆಲವೂ ಅದರಲ್ಲಿದೆ. ಈಗಾಗಲೇ ರಾಗಿ ಹೊಲಕ್ಕೆ ಆನೆ ನುಗ್ಗುವುದು ಕೋಡಿಹಳ್ಳಿ, ಉಯ್ಯಂಬಳ್ಳಿ ಕಡೆಯ ದಿನನಿತ್ಯದ ಸುದ್ದಿ. ಆ ಕಾಡು ಕುಗ್ಗಿದರೆ ಆನೆ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರಲ್ಲಿ ನೀರು ಕುಡಿಯಲಿರುವ ನಾವೂ ಸೇರುತ್ತೇವೆ. ನೆರೆಯ ತಮಿಳುನಾಡಿನ ಆಕ್ಷೇಪ, ನ್ಯಾಯಾಲಯದ ವಾದ ನಿಮಗೆ ಗೊತ್ತೇ ಇದೆ, ಅದನ್ನು ಬೆಳೆಸುವುದಿಲ್ಲ.

ನಾನು ನಕ್ಷೆಯಲ್ಲಿ ಬೆರಳಿಟ್ಟು ತೋರಿಸಬೇಕೆಂದಿರುವುದು ಒಂದೇ ಬಿಂದುವನ್ನು. ಯೋಜಿತ ಅಣೆಕಟ್ಟು ಇರುವುದು ಸಂಗಮಕ್ಕಿಂತ ಕೆಳಗೆ. ಅಂದರೆ ಅರ್ಕಾವತಿ ಹೊತ್ತು ತರುವುದೆಲ್ಲ ಆ ಜಲಾಶಯಕ್ಕೇ ಬೀಳುತ್ತದೆ. ಇಂದು ಹರಿಯುವ ನೀರಿನಲ್ಲಿ ಬೆರೆತು ಮುಂದೆ ಹೋಗುತ್ತಿರುವ ನಮ್ಮ ಕೊಳಕು, ನಾಳೆ ನಾವೇ ಕುಡಿಯಬೇಕಾದ ನೀರಿನಲ್ಲಿ ನಿಲ್ಲುತ್ತದೆ. ಕನಕಪುರದವರು ಇಷ್ಟು ವರ್ಷ ಹೇಳಿದ್ದು ಕಿವಿಗೆ ಬೀಳದಿದ್ದರೂ ಇದು ಬೀಳಬೇಕು.

ಅಣೆಕಟ್ಟಿಗೆ ಅನುಮತಿ ಬರಲಿ, ಬಾರದಿರಲಿ, ವೃಷಭಾವತಿಯನ್ನು ಶುದ್ಧ ಮಾಡಲು ಯಾರ ಅನುಮತಿಯೂ ಬೇಕಾಗಿಲ್ಲ. ಮುಂದಿನ ಸಲ ವಾರ್ಡಿನ ಸಭೆ ಕರೆದಾಗ ಇಲ್ಲಿರುವವರು ಮೂರು ಪ್ರಶ್ನೆ ಕೇಳಿರೆಂದು ಕೋರುತ್ತೇನೆ. ನಮ್ಮ ಬೀದಿಯ ಒಳಚರಂಡಿ ಯಾವ ಕಣಿವೆಗೆ ಹೋಗುತ್ತದೆ? ಆ ಕಣಿವೆಯ ಶುದ್ಧೀಕರಣ ಘಟಕಕ್ಕೆ ದಿನಕ್ಕೆ ಎಷ್ಟು ಬರುತ್ತದೆ, ಎಷ್ಟು ಶುದ್ಧವಾಗಿ ಹೊರಡುತ್ತದೆ? ಮಳೆನೀರಿನ ರಾಜಕಾಲುವೆಗೆ ಕಕ್ಕಸಿನ ಪೈಪು ಎಲ್ಲೆಲ್ಲಿ ಸೇರಿಕೊಂಡಿದೆ? ಉತ್ತರವನ್ನು ಬರವಣಿಗೆಯಲ್ಲಿ ಪಡೆದು, ಅದರ ಒಂದು ಪ್ರತಿಯನ್ನು ಕನಕಪುರದ ನಗರಸಭೆಗೂ ಕಳಿಸಿಕೊಡಿ.